ಬರೆದ ಚಿತ್ರ, ಓದುವ ಕಣ್ಣು

ಮನುಷ್ಯನನ್ನು ಮಾತು ಬಲ್ಲ ಪ್ರಾಣಿ ಎಂದು ಹೇಳುವುದುಂಟು. ಈ ಹೇಳಿಕೆ ಸುಳ್ಳಲ್ಲ. ಆದರೆ ಪೂರ್ಣವಾದುದೂ ಅಲ್ಲ. ಲಿಪಿಯು ಹುಟ್ಟುವುದಕ್ಕೆ ಎಷ್ಟೋ ಸಾವಿರ ವರ್ಷಗಳ ಹಿಂದೆಯೇ ಮನುಷ್ಯನು ಬಂಡೆಗಳ ಮೇಲೆ ಗೂಳಿಯನ್ನೂ ಜಿಂಕೆಯನ್ನೂ ತನ್ನ ಅಂಗೈಯ ಗುರುತನ್ನೂ ಮೂಡಿಸಿದ್ದಾನೆ. ತನ್ನೊಳಗಿರುವುದನ್ನು ಹೊರಗೆ ಇಡಬೇಕು, ಅದನ್ನು ಮತ್ತೊಬ್ಬರು ಕಾಣಬೇಕು ಎಂಬ ಹಂಬಲವು ಅವನ ಹುಟ್ಟುಗುಣ. ಆ ಹಂಬಲಕ್ಕೆ ನಾಲಗೆಯು ಒಂದು ದಾರಿಯಾದರೆ ಕೈಯು ಇನ್ನೊಂದು ದಾರಿ.

ಇದಕ್ಕೆ ನಮ್ಮ ಕನ್ನಡ ನುಡಿಯೇ ಸಾಕ್ಷಿಯಾಗಿದೆ. ನಾವು ಪತ್ರವನ್ನು ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಮಲೆನಾಡಿನ ಸಾಗರ, ಸೊರಬಗಳ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಿಂದ ಮದುವೆಯ ಹಸೆಯನ್ನು ಬರೆಯುತ್ತಾರೆ. ಅಕ್ಷರಕ್ಕೂ ಚಿತ್ರಕ್ಕೂ ಕನ್ನಡವು 'ಬರೆ' ಎಂಬ ಒಂದೇ ಧಾತುವನ್ನು ಇಟ್ಟುಕೊಂಡಿದೆ. ಅಕ್ಷರವನ್ನು ಬರೆದರೆ ಅದನ್ನು ಓದುವವರು ಬೇಕು. ಹಾಗಾದರೆ ಚಿತ್ರವನ್ನು ಬರೆದರೆ ಅದನ್ನು ಓದುವವರೂ ಬೇಕಲ್ಲವೆ? ನಮಗೆ ಇದು ಕುತೂಹಲದ ಪ್ರಶ್ನೆಯಾಗಿ ತೋರಬಹುದು. ಕೆಲವು ಮಕ್ಕಳ ಪಾಲಿಗಾದರೋ ಇಡೀ ಬಾಳು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ಮೂಡಿಗೆರೆಯ ಕಾಫಿ ತೋಟದ ನಡುವೆ ಬಾಳಿದ ಪೂರ್ಣಚಂದ್ರ ತೇಜಸ್ವಿಯವರಿಗೆ (1938–2007) ಮಾತಿನ ಬಡತನವಿರಲಿಲ್ಲ. ಕಥೆ ಕಾದಂಬರಿಗಳನ್ನು ಬರೆದು ನಾಡಿನ ಮನ್ನಣೆಯನ್ನು ಪಡೆದ ಅವರು ಕುಂಚವನ್ನೂ ಹಿಡಿದರು. ಕ್ಯಾಮೆರಾ ಹಿಡಿದು ಹಕ್ಕಿಗಳ ಚಿತ್ರಗಳನ್ನೂ ತೆಗೆದರು. ಮಾತಿನಲ್ಲಿ ನಿಪುಣರಾದವರಿಗೂ ಮಾತೊಂದೇ ಸಾಲದೆಂದ ಮೇಲೆ, ಮಾತು ಸುಲಭವಾಗಿ ಒಲಿಯದವರಿಗೆ ಚಿತ್ರವು ಎಷ್ಟು ಅಗತ್ಯವಾಗಬಹುದು!

ಮಾತಿನ ದಾರಿಯು ಬಹು ದುರ್ಗಮವಾಗಿರುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರ ಕಿವಿ ಕೇಳುತ್ತದೆ, ನಾಲಗೆಯಲ್ಲಿ ದೋಷವಿಲ್ಲ. ಆದರೂ ಕೆಲವರಿಗೆ ಮಾತು ಬರುವುದೇ ಇಲ್ಲ. ಕೆಲವರಿಗೆ ಬಂದ ಮಾತು ಬೇಕಾದ ಹೊತ್ತಿಗೆ ಒದಗುವುದಿಲ್ಲ. ಕೆಲವರು ಕೇಳಿದ ಪ್ರಶ್ನೆಯನ್ನೇ ತಿರುಗಿ ಹೇಳುತ್ತಾರೆ. ಇನ್ನು ಕೆಲವರು ಧಾರಾಳವಾಗಿ ಮಾತನಾಡಿದರೂ ತಮಗೆ ಪ್ರಿಯವಾದ ಒಂದೇ ವಿಷಯವನ್ನು ಕುರಿತು ಮಾತನಾಡುತ್ತಾರೆ. ಎದುರಿನವರ ಕಣ್ಣನ್ನು ನೋಡುವುದು, ಮುಖಭಾವದಿಂದ ಮನಸ್ಸನ್ನು ಅರಿಯುವುದು, ಗುಂಪಿನ ಆಟದಲ್ಲಿ ಬೆರೆಯುವುದು ಅವರಿಗೆ ಪ್ರಯಾಸದ ಕೆಲಸಗಳು. ದಿನಚರಿಯು ಇದ್ದಂತೆಯೇ ಇರಬೇಕೆಂದು ಅವರು ಬಯಸುತ್ತಾರೆ. ನಮಗೆ ಸಾಮಾನ್ಯವೆನಿಸುವ ಸದ್ದು, ಬೆಳಕು, ಬಟ್ಟೆಯ ಒರಟುತನಗಳು ಅವರಿಗೆ ಸಹಿಸಲಾರದ ಹಿಂಸೆಯಾಗಬಹುದು. ಈ ಸ್ಥಿತಿಗೆ ಆಟಿಸಂ ಎಂದು ಹೆಸರು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದು ಕರೆಯುತ್ತಾರೆ. ಇದು ಅಂಟುರೋಗವಲ್ಲ, ಔಷಧಿಯಿಂದ ಹೋಗಲಾಡಿಸಬೇಕಾದ ಕಾಯಿಲೆಯೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ ಒಂದು ಭಿನ್ನತೆ. ಎಳೆತನದಲ್ಲಿ ಕಾಣಿಸಿಕೊಂಡು ಬಾಳಿನುದ್ದಕ್ಕೂ ಜೊತೆಯಲ್ಲಿರುತ್ತದೆ. 2021ರಲ್ಲಿ ಜಗತ್ತಿನ ಸುಮಾರು 127 ಮಂದಿಯಲ್ಲಿ ಒಬ್ಬರಿಗೆ ಸ್ವಲೀನತೆಯಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಈ ಲೆಕ್ಕದಂತೆ ನಾಲ್ಕೈದು ನೂರು ಮಕ್ಕಳಿರುವ ಒಂದು ಶಾಲೆಯಲ್ಲಿ ಅಂಥವರು ಮೂರು ನಾಲ್ಕು ಮಂದಿ ಇರಬಹುದು.

ಆಟಿಸಂ ಎಂಬ ಪದವು 'ತಾನು' ಎಂಬ ಅರ್ಥದ ಗ್ರೀಕ್ ಮೂಲದಿಂದ ಬಂದುದು. ಸ್ವಲೀನ ಎಂದರೂ ತನ್ನಲ್ಲಿಯೇ ಲೀನವಾದುದು ಎಂದೇ ಅರ್ಥ. ಮಾಸ್ಕೋ ನಗರದ ವೈದ್ಯೆ ಗ್ರೂನ್ಯಾ ಸುಖರೇವಾ ಅವರು 1925ರಲ್ಲಿಯೇ ಇಂಥ ಆರು ಮಂದಿ ಹುಡುಗರ ಸ್ವಭಾವವನ್ನು ವಿವರಿಸಿ ಬರೆದಿದ್ದರು. ಆದರೆ ಆ ಬರೆಹವು ಬಹುಕಾಲ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಈ ಸ್ಥಿತಿಯು ವೈದ್ಯಲೋಕಕ್ಕೆ ಪರಿಚಿತವಾಯಿತು. ಮರುವರ್ಷವೇ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ಇಂಥದೇ ಮಕ್ಕಳ ವಿಚಾರವನ್ನು ಪ್ರಕಟಿಸಿದರು. ಬಳಿಕ ತಾಯಿಯ ಒಲವು ಸಾಲದಿದ್ದುದೇ ಇದಕ್ಕೆ ಕಾರಣವೆಂಬ ಕಠೋರವಾದ ಅಭಿಪ್ರಾಯವೊಂದು ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿ, ಎಷ್ಟೋ ತಾಯಂದಿರು ತಾವು ಮಾಡದ ತಪ್ಪಿಗಾಗಿ ಕಣ್ಣೀರು ಸುರಿಸಿದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು, ಸ್ವತಃ ಇಂಥ ಮಗುವಿನ ತಂದೆಯಾಗಿದ್ದವರು, ಆ ಅಭಿಪ್ರಾಯವನ್ನು ಖಂಡಿಸಿ ಗ್ರಂಥವನ್ನು ಬರೆದರು. ಸ್ವಲೀನತೆಗೆ ವಂಶವಾಹಿಗಳು ಮುಖ್ಯ ಕಾರಣವೆಂದು ಇಂದು ತಿಳಿದುಬಂದಿದೆ. ನಮ್ಮ ಹಳ್ಳಿಗಳಲ್ಲಿಯೂ 'ಗಾಳಿ ಸೋಕಿದೆ', 'ದೃಷ್ಟಿ ತಾಕಿದೆ' ಎಂಬ ಮಾತುಗಳು ಇನ್ನೂ ಕೇಳಿಬರುತ್ತವೆ. ಇವು ತಾಯಿತಂದೆಯರ ದುಃಖವನ್ನು ಹೆಚ್ಚಿಸುತ್ತವೆಯೇ ಹೊರತು ಮಗುವಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ.

ಹೆಸರಿನಲ್ಲಿ 'ತನ್ನಲ್ಲಿಯೇ ಲೀನ' ಎಂದಿರುವುದರಿಂದ ಈ ಮಕ್ಕಳಿಗೆ ನಮ್ಮ ಸಂಗ ಬೇಡವೆಂದು ಭಾವಿಸಬಾರದು. ಹೇಳಬೇಕಾದುದು ಅವರೊಳಗೂ ಇದೆ. ಹೇಳುವ ದಾರಿ ಬೇರೆ. ಆ ದಾರಿಗಳಲ್ಲಿ ಚಿತ್ರಕಲೆಯೂ ಒಂದು. ಇದು ಹೇಗೆಂಬುದನ್ನು ತಿಳಿಯಲು ನಮಗೆ ಪರಿಚಿತವಾದ ಸನ್ನಿವೇಶವೊಂದನ್ನು ಕಲ್ಪಿಸಿಕೊಳ್ಳೋಣ.

ಕಳಸದ ಕಡೆಯ ಒಂದು ಕಾಫಿ ತೋಟ. ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿದೆ. ಅವುಗಳ ನೆರಳಿನಲ್ಲಿ ಕಾಫಿ ಗಿಡಗಳು ಹಣ್ಣು ಹೊತ್ತು ಬಾಗಿವೆ. ಡಿಸೆಂಬರ್ ತಿಂಗಳು, ಕುಯ್ಲಿನ ಕಾಲ. ಲೈನಿನ ಮನೆಯ ಎಂಟು ವರ್ಷದ ಹುಡುಗನೊಬ್ಬ ಕಣದ ಮೂಲೆಯಲ್ಲಿ ಕುಳಿತಿದ್ದಾನೆ. ಅವನಿಗೆ ಮಾತಿಲ್ಲ. ಚೆಲ್ಲಿದ ಕಾಫಿ ಹಣ್ಣುಗಳನ್ನು ಆರಿಸಿ ಸಾಲಾಗಿ ಜೋಡಿಸುತ್ತಾನೆ. ಮೊದಲು ಹಸಿರು ಕಾಯಿ, ಆಮೇಲೆ ಹಳದಿಗೆ ತಿರುಗಿದುದು, ಬಳಿಕ ಕೆಂಪು ಹಣ್ಣು, ಕೊನೆಯಲ್ಲಿ ಒಣಗಿ ಕಪ್ಪಾದುದು. ದಿನವೂ ಇದೇ ಕೆಲಸ. ಯಾರದಾದರೂ ಕಾಲು ತಾಗಿ ಸಾಲು ಕೆಟ್ಟರೆ ಕಿರುಚುತ್ತಾನೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಸದ್ದು ಮಾಡಿದರಂತೂ ಎರಡೂ ಕಿವಿಗಳನ್ನು ಮುಚ್ಚಿಕೊಂಡು ನೆಲಕ್ಕೆ ಬೀಳುತ್ತಾನೆ. ನೋಡಿದವರು 'ಹಠಮಾರಿ' ಎನ್ನುತ್ತಾರೆ. ಕೆಲವರು ಇನ್ನೂ ಕೆಟ್ಟ ಹೆಸರಿಟ್ಟು ಕರೆಯುತ್ತಾರೆ.

ಅವನಿಗೊಬ್ಬಳು ಅಕ್ಕನಿದ್ದಾಳೆ, ನಿಮ್ಮಂತೆಯೇ ಒಂಬತ್ತನೆಯ ತರಗತಿಯ ಹುಡುಗಿ. ತನ್ನ ಹಳೆಯ ನೋಟ್‌ಪುಸ್ತಕದ ಹಿಂಬದಿಯ ಹಾಳೆಗಳನ್ನೂ ಒಂದು ಪೆನ್ಸಿಲನ್ನೂ ಅವನ ಮುಂದೆ ಇಡುತ್ತಾಳೆ. ಹುಡುಗ ಸಾಲು ಸಾಲಾಗಿ ಸೊನ್ನೆಗಳನ್ನು ಬರೆಯುತ್ತಾನೆ. ನೋಡುವವರಿಗೆ ಅದು ಬರಿಯ ಗೀಚು. ಅಕ್ಕ ಆ ಹಾಳೆಗಳನ್ನು ಎಸೆಯದೆ ದಿನಾಂಕ ಹಾಕಿ ಇಡುತ್ತಾ ಬರುತ್ತಾಳೆ. ಹದಿನೈದು ದಿನಗಳ ಹಾಳೆಗಳನ್ನು ಹರಡಿ ನೋಡಿದಾಗ ಅವಳಿಗೆ ಒಂದು ವಿಷಯ ತಿಳಿಯುತ್ತದೆ. ಕೆಲವು ಹಾಳೆಗಳ ಮೂಲೆಯಲ್ಲಿ ಒತ್ತಿ ಒತ್ತಿ ಗೀಚಿದ ಕಪ್ಪು ಚೌಕವಿದೆ. ಕೆಲವು ಹಾಳೆಗಳಲ್ಲಿ ಇಲ್ಲ. ಚೌಕವಿರುವುದು ಯಂತ್ರ ನಡೆದ ದಿನಗಳಲ್ಲಿ. ಯಂತ್ರ ನಿಂತಿದ್ದ ದಿನಗಳಲ್ಲಿ ಸಾಲುಗಳು ಮಾತ್ರ. ಸೊನ್ನೆಗಳು ಕಾಫಿ ಹಣ್ಣುಗಳೆಂದೂ ಚೌಕವು ಪಲ್ಪರ್ ಮನೆಯೆಂದೂ ಅವಳಿಗೆ ಹೊಳೆಯುತ್ತದೆ. 'ಆ ಸದ್ದು ನನ್ನನ್ನು ಹಿಂಸಿಸುತ್ತದೆ' ಎಂದು ತಮ್ಮನು ಹದಿನೈದು ದಿನಗಳಿಂದ ಹೇಳುತ್ತಲೇ ಇದ್ದಾನೆ! ಯಂತ್ರ ಹೂಡುವ ಹೊತ್ತಿಗೆ ಮುಂಚೆ ಅವನನ್ನು ದೂರಕ್ಕೆ ಕರೆದೊಯ್ದರೆ ಸಾಕು, ಅರ್ಧ ಕಷ್ಟ ಪರಿಹಾರವಾಗುತ್ತದೆ. ಅಂಥ ತಿಳಿವಳಿಕೆಗೆ ಬೇಕಾದುದು ಹತ್ತಾರು ಹಾಳೆ, ಒಂದು ಪೆನ್ಸಿಲು ಮತ್ತು ತಾಳ್ಮೆಯಿಂದ ನೋಡುವ ಒಂದು ಜೊತೆ ಕಣ್ಣು.

ಬಾಯಿಂದ ಬಾರದುದು ಕೈಯಿಂದ ಬರುವುದೇಕೆ? ಇದಕ್ಕೆ ಹಲವು ಕಾರಣಗಳಿವೆ. ಮೊದಲನೆಯದಾಗಿ, ಮಾತು ಆಡಿದೊಡನೆ ಗಾಳಿಯಲ್ಲಿ ಕರಗಿಹೋಗುತ್ತದೆ. ಅದನ್ನು ಕೇಳಿ, ಅರ್ಥಮಾಡಿಕೊಂಡು, ಉತ್ತರವನ್ನು ಕೂಡಲೇ ಕೊಡಬೇಕು. ಚಿತ್ರವಾದರೋ ಕಾಯುತ್ತದೆ. ಮಗುವು ತನ್ನ ವೇಗದಲ್ಲಿ ಬರೆಯಬಹುದು, ನಿಲ್ಲಿಸಬಹುದು, ಮತ್ತೆ ನೋಡಬಹುದು. ಎರಡನೆಯದಾಗಿ, ಮನುಷ್ಯರ ವರ್ತನೆಯನ್ನು ಮುಂದಾಗಿ ಊಹಿಸುವುದು ಕಷ್ಟ. ಬಣ್ಣದ ವರ್ತನೆಯನ್ನು ಊಹಿಸಬಹುದು. ನೀಲಿಗೆ ಹಳದಿ ಬೆರೆತರೆ ನಿನ್ನೆಯೂ ಹಸಿರಾಗಿತ್ತು, ಇಂದೂ ಹಸಿರಾಗುತ್ತದೆ. ಬದಲಾವಣೆಗೆ ಬೆದರುವ ಮನಸ್ಸಿಗೆ ಈ ಭರವಸೆಯು ದೊಡ್ಡ ಆಸರೆ. ಮೂರನೆಯದಾಗಿ, ಇಬ್ಬರು ಮುಖಾಮುಖಿಯಾಗಿ ಮಾತನಾಡುವಾಗ ಕಣ್ಣಿಗೆ ಕಣ್ಣು ಸೇರಬೇಕು. ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು ಒಂದೇ ಹಾಳೆಯನ್ನು ನೋಡುವಾಗ ಆ ಒತ್ತಾಯವಿಲ್ಲ. ಕಣ್ಣು ತಪ್ಪಿಸುವ ಮಗುವೂ ಹಾಳೆಯ ಮೇಲೆ ನಮ್ಮ ಜೊತೆಗೂಡುತ್ತದೆ. ಕೊನೆಯದಾಗಿ, ಯಾವ ಬಣ್ಣ, ಎಲ್ಲಿ ಗೆರೆ, ಯಾವಾಗ ಮುಗಿಯಿತು ಎಂಬುದನ್ನು ಮಗುವೇ ನಿರ್ಧರಿಸುತ್ತದೆ. ದಿನವಿಡೀ ಇತರರ ಅಪ್ಪಣೆಯಂತೆ ನಡೆಯುವ ಮಗುವಿಗೆ ಇದು ಸಣ್ಣ ಸ್ವಾತಂತ್ರ್ಯವೇನಲ್ಲ.

ಜಗತ್ತಿನ ಕೆಲವು ನಿದರ್ಶನಗಳು ಈ ವಿಷಯವನ್ನು ಇನ್ನಷ್ಟು ಬೆಳಗುತ್ತವೆ. 1967ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ನಾದಿಯಾ ಎಂಬ ಹೆಣ್ಣುಮಗು ಜನಿಸಿತು. ಮಾತು ಬಹುಮಟ್ಟಿಗೆ ಇಲ್ಲದ ಈ ಮಗು ಮೂರೂವರೆ ವರ್ಷದ ಸುಮಾರಿಗೆ ಬಾಲ್‌ಪೆನ್ನು ಹಿಡಿದು ಕುದುರೆಗಳನ್ನು ಬರೆಯತೊಡಗಿತು. ಆ ವಯಸ್ಸಿನ ಮಕ್ಕಳು ನಾಲ್ಕು ಕಡ್ಡಿ ಕಾಲುಗಳ ಪ್ರಾಣಿಯನ್ನು ಬರೆದರೆ, ನಾದಿಯಾಳ ಕುದುರೆಗಳು ದೂರ ಹತ್ತಿರಗಳ ಅಳತೆಯೊಡನೆ ನುರಿತ ಕಲಾವಿದರ ಕೆಲಸದಂತೆ ನೆಗೆದು ಬರುತ್ತಿದ್ದವು. ಮನಶ್ಶಾಸ್ತ್ರಜ್ಞೆ ಲೋರ್ನಾ ಸೆಲ್ಫ್ ಅವರು 1977ರಲ್ಲಿ ಆಕೆಯ ಚಿತ್ರಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದಾಗ ಲೋಕವು ಬೆರಗಾಯಿತು. ವಿಶೇಷ ಶಾಲೆಗೆ ಸೇರಿ ಸ್ವಲ್ಪ ಮಾತನ್ನು ಕಲಿಯುತ್ತಾ ಹೋದಂತೆ ಆಕೆಯ ಚಿತ್ರಗಳ ಆ ಅಸಾಧಾರಣ ಶಕ್ತಿಯು ಕುಂದಿತು. ಮಾತು ಬಂದುದರಿಂದಲೇ ಚಿತ್ರವು ಹೋಯಿತೇ ಎಂದು ವಿದ್ವಾಂಸರು ಬಹಳ ಚರ್ಚಿಸಿದರು.

ಒಂದು ಮಗುವಿನ ಬಾಳಿನಿಂದ ಎಲ್ಲರಿಗೂ ಅನ್ವಯಿಸುವ ನಿಯಮವನ್ನು ಮಾಡಲಾಗದು ಎಂಬುದಕ್ಕೆ ಲಂಡನ್ನಿನ ಸ್ಟೀಫನ್ ವಿಲ್ಟ್‌ಶೈರ್ ಸಾಕ್ಷಿ. 1974ರಲ್ಲಿ ಜನಿಸಿದ ಅವರು ಬಾಲ್ಯದಲ್ಲಿ ಮಾತನಾಡುತ್ತಿರಲಿಲ್ಲ; ಸದಾ ಕಟ್ಟಡಗಳ ಚಿತ್ರಗಳನ್ನು ಬರೆಯುತ್ತಿದ್ದರು. ಶಾಲೆಯ ಶಿಕ್ಷಕರು ಚಿತ್ರದ ಸಾಮಗ್ರಿಗಳನ್ನು ಸ್ವಲ್ಪ ಹೊತ್ತು ತೆಗೆದಿಟ್ಟು, ಬೇಕಾದರೆ ಕೇಳಲೆಂದು ಕಾದರು. ಹುಡುಗನು ಮೊಟ್ಟಮೊದಲು ಆಡಿದ ಮಾತು 'ಕಾಗದ' ಎಂಬುದು. ಒಂಬತ್ತು ವರ್ಷದ ಹೊತ್ತಿಗೆ ಅವರು ಚೆನ್ನಾಗಿ ಮಾತನಾಡಲು ಕಲಿತರು; ಚಿತ್ರವೂ ಕುಂದದೆ ಬೆಳೆಯಿತು. 2005ರಲ್ಲಿ ಹೆಲಿಕಾಪ್ಟರಿನಲ್ಲಿ ಒಮ್ಮೆ ಟೋಕಿಯೋ ನಗರದ ಮೇಲೆ ಸುತ್ತಿಬಂದು, ಕಂಡುದನ್ನು ನೆನಪಿನಿಂದಲೇ ಹತ್ತು ಮೀಟರ್ ಉದ್ದದ ಹಾಳೆಯ ಮೇಲೆ ಬರೆದರು. ಇಲ್ಲಿ ಚಿತ್ರವು ಮಾತಿಗೆ ಶತ್ರುವಾಗಲಿಲ್ಲ, ಮಾತನ್ನು ಕರೆತಂದಿತು. ಕೇಳಲೇಬೇಕೆನಿಸುವ ವಸ್ತುವೊಂದು ಇದ್ದುದರಿಂದ ಆ ಹುಡುಗನಿಗೆ ಕೇಳುವ ಮಾತು ಹುಟ್ಟಿತು.

ಇನ್ನೊಬ್ಬರು ಅಮೆರಿಕದ ಟೆಂಪಲ್ ಗ್ರ್ಯಾಂಡಿನ್. 1947ರಲ್ಲಿ ಜನಿಸಿದ ಇವರು ಪಶುವಿಜ್ಞಾನದ ಪ್ರಾಧ್ಯಾಪಕಿ. ತಮ್ಮ ಯೋಚನೆಯು ಮಾತುಗಳಲ್ಲಿ ನಡೆಯದೆ ಚಿತ್ರಗಳಲ್ಲಿಯೇ ನಡೆಯುತ್ತದೆಂದು 1995ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ದನಗಳು ಯಾವುದಕ್ಕೆ ಬೆದರುತ್ತವೆಂಬುದನ್ನು ಅವುಗಳ ಕಣ್ಣಿನಿಂದಲೇ ನೋಡಿ, ಅವು ಹೆದರದೆ ಸಾಗುವಂಥ ದೊಡ್ಡಿಗಳ ನಕ್ಷೆಗಳನ್ನು ಬರೆದುಕೊಟ್ಟವರು ಇವರು. ಚಿತ್ರದಲ್ಲಿ ಯೋಚಿಸುವುದು ಕೊರತೆಯೆಂದು ಇನ್ನು ಯಾರು ಹೇಳಬಲ್ಲರು?

ಕನ್ನಡ ನಾಡಿಗೂ ಸಂಬಂಧಿಸಿದ ನಿದರ್ಶನವೊಂದಿದೆ. ತೀತೋ ರಾಜರ್ಷಿ ಮುಖೋಪಾಧ್ಯಾಯ ಎಂಬ ಬಾಲಕನು ಎಳೆಯ ವಯಸ್ಸಿನ ಕೆಲವು ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದನು. ಸ್ವಲೀನತೆಯಿಂದಾಗಿ ಅವನಿಗೆ ಮಾತು ಬಹು ಕಷ್ಟವಾಗಿತ್ತು. ತಾಯಿ ಸೋಮಾ ಅವರು ಅಕ್ಷರಗಳ ಫಲಕವನ್ನು ಮುಂದಿಟ್ಟು ಅವನಿಗೆ ಕಲಿಸಿದರು; ಮುಂದೆ ಅವನು ಪೆನ್ಸಿಲು ಹಿಡಿದು ಬರೆಯಲು ಕಲಿತನು. ಅವನ ಗದ್ಯ ಪದ್ಯಗಳ ಪುಸ್ತಕವು 2000ದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಬೇರೆಯವರು ಫಲಕವನ್ನು ಹಿಡಿದು ಮಗುವಿನಿಂದ ಅಕ್ಷರಗಳನ್ನು ತೋರಿಸುವ ವಿಧಾನವು ಎಲ್ಲ ಮಕ್ಕಳಿಗೂ ಒಗ್ಗುವುದೆನ್ನಲು ಸಾಕಷ್ಟು ಆಧಾರವಿಲ್ಲವೆಂದೂ, ಫಲಕ ಹಿಡಿದವರ ಮಾತೇ ಮಗುವಿನ ಮಾತಾಗಿ ತೋರುವ ಅಪಾಯವಿದೆಯೆಂದೂ ವಾಕ್ ಮತ್ತು ಭಾಷಾ ತಜ್ಞರು ಹೇಳಿದ್ದಾರೆ. ಈ ಎಚ್ಚರಿಕೆಯು ಚಿತ್ರಕ್ಕೂ ಸಲ್ಲುತ್ತದೆ. ಮಗುವಿನ ಕೈಯ ಮೇಲೆ ನಮ್ಮ ಕೈಯಿಟ್ಟು ಅಂದವಾದ ಹೂವನ್ನು ಬರೆಸಿದರೆ ಆ ಹೂವು ನಮ್ಮದಾಗುತ್ತದೆಯೇ ಹೊರತು ಮಗುವಿನದಾಗುವುದಿಲ್ಲ. ವಕ್ರವಾದರೂ ಚಿಂತೆಯಿಲ್ಲ, ಗೆರೆಯು ಮಗುವಿನದೇ ಆಗಿರಬೇಕು.

ವಿಲ್ಟ್‌ಶೈರ್ ಅವರಂಥವರನ್ನು ಕುರಿತು ಕೇಳಿದಾಗ ಸ್ವಲೀನತೆಯುಳ್ಳ ಮಕ್ಕಳೆಲ್ಲರಲ್ಲಿಯೂ ಒಂದು ಅದ್ಭುತ ಪ್ರತಿಭೆ ಅಡಗಿದೆಯೆಂದು ಭಾವಿಸುವವರಿದ್ದಾರೆ. ಇದು ಸರಿಯಲ್ಲ. ಅಂಥ ಪ್ರತಿಭೆ ವಿರಳ. ಎಲ್ಲ ಮಕ್ಕಳಂತೆ ಇವರಲ್ಲಿಯೂ ಕೆಲವರು ಚೆನ್ನಾಗಿ ಬರೆಯುತ್ತಾರೆ, ಹಲವರು ಸಾಧಾರಣವಾಗಿ ಬರೆಯುತ್ತಾರೆ, ಕೆಲವರಿಗೆ ಚಿತ್ರವೇ ಇಷ್ಟವಿಲ್ಲ. ಅಂಥವರಿಗೆ ತಾಳ, ಹಾಡು, ಜೇಡಿಮಣ್ಣಿನ ಕೆಲಸಗಳು ಒಲಿಯಬಹುದು. ಚಿತ್ರಕಲೆಯಿಂದ ಸ್ವಲೀನತೆ ಮಾಯವಾಗುತ್ತದೆ ಎಂಬ ಪ್ರಚಾರವನ್ನೂ ನಂಬಬಾರದು. ಈ ಬಗ್ಗೆ ನಡೆದಿರುವ ಸಂಶೋಧನೆಗಳಲ್ಲಿ ಹೆಚ್ಚಿನವು ಕೆಲವೇ ಮಕ್ಕಳನ್ನು ನೋಡಿ ಮಾಡಿದವು. ಕಲೆಯು ಮನಸ್ಸನ್ನು ಹಗುರ ಮಾಡುತ್ತದೆ, ಜೊತೆಗೂಡಿ ಕೆಲಸ ಮಾಡಲು ಅವಕಾಶ ಕೊಡುತ್ತದೆ, ಹೇಳಲಾರದುದನ್ನು ಹೇಳಿಸುತ್ತದೆ. ಇಷ್ಟು ಸಾಲದೆ? ನಾವು ಮಾತು ಕಲಿತದ್ದು ಪ್ರತಿಭಾವಂತರೆನಿಸಿಕೊಳ್ಳಲು ಅಲ್ಲವಷ್ಟೆ. ಹಸಿವು, ನೋವು, ಸಂತೋಷಗಳನ್ನು ಹೇಳಿಕೊಳ್ಳುವುದಕ್ಕಾಗಿ ಕಲಿತೆವು. ಚಿತ್ರವನ್ನೂ ಅದೇ ಅಳತೆಯಿಂದ ನೋಡಬೇಕು.

ಚಿತ್ರವನ್ನು ಓದುವುದರಲ್ಲಿಯೂ ವಿವೇಕ ಬೇಕು. ಕಪ್ಪು ಬಣ್ಣವೆಂದರೆ ದುಃಖ, ಕೆಂಪು ಬಣ್ಣವೆಂದರೆ ಕೋಪ ಎಂದು ನಿಘಂಟಿನಲ್ಲಿ ಅರ್ಥ ಹುಡುಕಿದಂತೆ ಹೇಳಿಬಿಡುವುದು ತಪ್ಪು. ಮಗುವಿನ ಕೈಗೆ ಸಿಕ್ಕಿದ್ದು ಕಪ್ಪು ಬಳಪವೊಂದೇ ಆಗಿರಬಹುದು! ಒಂದು ಚಿತ್ರದಿಂದ ಏನನ್ನೂ ತೀರ್ಮಾನಿಸಬಾರದು. ಮೇಲೆ ಹೇಳಿದ ಅಕ್ಕನಂತೆ ಹಲವು ದಿನಗಳ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಯಾವುದು ಮತ್ತೆ ಮತ್ತೆ ಬರುತ್ತದೆ, ಯಾವುದು ಒಮ್ಮೆಲೇ ಬಿಟ್ಟುಹೋಯಿತು, ಎಲ್ಲಿ ಕೈ ಒತ್ತಿದೆ, ಎಲ್ಲಿ ಹಗುರವಾಗಿದೆ ಎಂಬುದನ್ನು ಗಮನಿಸಬೇಕು. 'ಇದೇನು?' ಎಂದು ಪದೇ ಪದೇ ಕೇಳಿ ಪೀಡಿಸಬಾರದು. ಪಕ್ಕದಲ್ಲಿ ಕುಳಿತು ನಾವೂ ಒಂದು ಗೆರೆಯನ್ನು ಎಳೆದರೆ ಮಗು ಅದಕ್ಕೆ ತನ್ನ ಗೆರೆಯನ್ನು ಸೇರಿಸಬಹುದು, ಅದೇ ಸಂಭಾಷಣೆ. ಸಾಲುಗಳನ್ನೋ ಸುತ್ತುಗಳನ್ನೋ ಸದಾ ಬರೆಯುವುದನ್ನು ಕೆಟ್ಟ ಅಭ್ಯಾಸವೆಂದು ತಡೆಯಬಾರದು. ನಮ್ಮ ಅಂಗಳದ ರಂಗವಲ್ಲಿಯೂ ಚುಕ್ಕಿ ಮತ್ತು ಗೆರೆಗಳ ಪುನರಾವರ್ತನೆಯೇ ಅಲ್ಲವೆ?

ಇದಕ್ಕೆ ಬೆಲೆಬಾಳುವ ಸಾಮಗ್ರಿಗಳೂ ಬೇಕಾಗಿಲ್ಲ. ಹಸೆ ಬರೆಯುವ ಹೆಣ್ಣುಮಕ್ಕಳು ಕೆಮ್ಮಣ್ಣು, ಅಕ್ಕಿಹಿಟ್ಟು, ಹುರಿದು ಕಪ್ಪಾಗಿಸಿದ ಅಕ್ಕಿ ಮುಂತಾದುವುಗಳಿಂದಲೇ ಬಣ್ಣಗಳನ್ನು ಮಾಡಿಕೊಂಡು, ನಾರಿನ ಕುಂಚದಿಂದ ಬರೆದವರು. ಕಾಫಿಯ ನಾಡಿನಲ್ಲಿ ಗಟ್ಟಿಯಾದ ಕಾಫಿ ಡಿಕಾಕ್ಷನ್ ಒಳ್ಳೆಯ ಕಂದು ಬಣ್ಣವಾಗುತ್ತದೆ, ಅರಿಸಿನವು ಹಳದಿಯಾಗುತ್ತದೆ, ಒಲೆಯ ಇದ್ದಿಲು ಕಪ್ಪಾಗುತ್ತದೆ. ಸಿಲ್ವರ್ ಓಕಿನ ಎಲೆಯನ್ನು ಬಣ್ಣದಲ್ಲಿ ಅದ್ದಿ ಒತ್ತಿದರೆ ಅದರ ಸೀಳುಸೀಳಾದ ಆಕಾರವೇ ಹಾಳೆಯ ಮೇಲೆ ಮೂಡುತ್ತದೆ. ಕೈಗೆ ಬಣ್ಣ ಅಂಟಿದರೆ ತಾಳಲಾರದ ಮಕ್ಕಳಿದ್ದಾರೆ. ಅವರಿಗೆ ಕಡ್ಡಿಯನ್ನೋ ಕುಂಚವನ್ನೋ ಕೊಡಬೇಕು. ಬಣ್ಣವನ್ನು ಬಾಯಿಗೆ ಹಾಕಿಕೊಳ್ಳುವ ಮಕ್ಕಳೂ ಇರುವುದರಿಂದ ದೊಡ್ಡವರೊಬ್ಬರು ಹತ್ತಿರವಿರಬೇಕು. ಜೂನ್ ತಿಂಗಳಿನಿಂದ ಎಡೆಬಿಡದೆ ಸುರಿಯುವ ಮಳೆಯಲ್ಲಿ ಮನೆಯೊಳಗೇ ಇರಬೇಕಾಗಿ, ದಿನಚರಿ ತಪ್ಪಿ ಮಗು ಕಂಗೆಡುವಾಗ, ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಹಾಳೆ ಹರಡುವುದು ಅದಕ್ಕೆ ನೆಮ್ಮದಿಯನ್ನು ಕೊಡುತ್ತದೆ.

ಚಿತ್ರವು ಮತ್ತೊಂದು ರೀತಿಯಲ್ಲಿಯೂ ಮಾತಿನ ಕೆಲಸವನ್ನು ಮಾಡುತ್ತದೆ. 1985ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಒಂದು ವಿಧಾನದಲ್ಲಿ ಮಗುವು ತನಗೆ ಬೇಕಾದ ವಸ್ತುವಿನ ಚಿತ್ರವುಳ್ಳ ಚೀಟಿಯನ್ನು ಎದುರಿನವರ ಕೈಗೆ ಕೊಟ್ಟು ಆ ವಸ್ತುವನ್ನು ಪಡೆಯಲು ಕಲಿಯುತ್ತದೆ. ಚೆನ್ನೈಯಲ್ಲಿ ಸಿದ್ಧವಾದ 'ಆವಾಜ್' ಎಂಬ ತಂತ್ರಾಂಶದಲ್ಲಿ ಚಿತ್ರವನ್ನು ಮುಟ್ಟಿದರೆ ಯಂತ್ರವೇ ಆ ಮಾತನ್ನು ನುಡಿಯುತ್ತದೆ. ಇವು ನೀರು, ಊಟ, ಆಟಗಳನ್ನು ಕೇಳಲು ಬಹು ಉಪಯುಕ್ತ. ಆದರೆ ಆ ಚಿತ್ರಗಳನ್ನು ಬೇರೆಯವರು ಮಾಡಿಟ್ಟಿರುತ್ತಾರೆ. ಪಟ್ಟಿಯಲ್ಲಿ ಇಲ್ಲದುದನ್ನು ಹೇಳಬೇಕಾದಾಗ ಮಗುವು ತಾನೇ ಬರೆಯಬೇಕು. ಆದುದರಿಂದ ಎರಡೂ ಬೇಕು.

ನಮ್ಮ ನಾಡಿನಲ್ಲಿ ಸಹಾಯಕ್ಕೆ ದಾರಿಗಳಿಲ್ಲದಿಲ್ಲ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಲ್ಲಿ ಪರೀಕ್ಷೆ ಮತ್ತು ತರಬೇತಿ ದೊರೆಯುತ್ತವೆ. ಬೆಂಗಳೂರಿನಲ್ಲಿ ಸೆನ್ಸ್ ಕೆಲೈಡೊಸ್ಕೋಪ್ಸ್ ಎಂಬ ಸಂಸ್ಥೆಯು ಸ್ವಲೀನತೆಯುಳ್ಳ ಎಳೆಯರಿಗೆ ಕಲೆಯ ಮೂಲಕವೇ ಶಿಕ್ಷಣವನ್ನು ಕೊಡುತ್ತಿದೆ. ಆದರೆ ಕಳಸದ ಲೈನಿನ ಮನೆಯ ತಾಯಿಗೆ ಬೆಂಗಳೂರು ದೂರ. ಮೂಡಿಗೆರೆಯವರಿಗ��� ದಿನಗೂಲಿ ಬಿಟ್ಟು ಮೈಸೂರಿಗೆ ಹೋಗಿಬರುವುದು ಸುಲಭವಲ್ಲ. ಅಂಥವರು ಮೊದಲು ಅಂಗನವಾಡಿ ಮತ್ತು ಶಾಲೆಗಳಿಗೆ ತಪಾಸಣೆಗಾಗಿ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ಮಗುವನ್ನು ತೋರಿಸಬೇಕು. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ಸ್ವಲೀನತೆಯ ತಪಾಸಣೆಯೂ ಸೇರಿದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರ ಸಲಹೆಯನ್ನೂ ಕೇಳಬಹುದು. ಎಷ್ಟು ಬೇಗ ಗುರುತಿಸಿದರೆ ಅಷ್ಟು ಒಳ್ಳೆಯದು.

ಇದು ಯಾರೋ ತೋರುವ ಕರುಣೆಯೆಂದು ತಿಳಿಯಬಾರದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿರುವ 21 ಬಗೆಯ ಸ್ಥಿತಿಗಳಲ್ಲಿ ಸ್ವಲೀನತೆಯೂ ಒಂದು. ನಿಗದಿಪಡಿಸಿದ ಪ್ರಮಾಣದ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಸಮೀಪದ ಶಾಲೆಯಲ್ಲಿ, ಇಲ್ಲವೆ ತನಗೆ ಒಪ್ಪುವ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣವನ್ನು ಪಡೆಯುವ ಹಕ್ಕನ್ನು ಅದು ನೀಡಿದೆ. ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ಒಪ್ಪಂದಕ್ಕೆ ಮರುವರ್ಷವೇ ಭಾರತವು ಸಮ್ಮತಿಯನ್ನು ನೀಡಿತು. ಅಂಥವರ ಸೃಜನಶಕ್ತಿ ಮತ್ತು ಕಲಾಶಕ್ತಿಗಳು ಬೆಳೆಯಲು ಅವಕಾಶ ಕಲ್ಪಿಸಬೇಕೆಂದು ಅದರಲ್ಲಿ ಹೇಳಿದೆ. ಅದು ಅವರ ಒಳಿತಿಗಾಗಿ ಮಾತ್ರವಲ್ಲದೆ ಸಮಾಜದ ಸಮೃದ್ಧಿಗಾಗಿಯೂ ಎಂದು ಒಪ್ಪಂದವು ಸೇರಿಸುತ್ತದೆ. ಈ ಕೊನೆಯ ಮಾತು ಮನನೀಯವಾದುದು. ಒಂದು ಮಗುವಿನ ಚಿತ್ರವನ್ನು ಓದದೆ ಬಿಟ್ಟರೆ ನಷ್ಟವಾಗುವುದು ಆ ಮಗುವಿಗೆ ಮಾತ್ರವಲ್ಲ. ಅದು ಕಂಡ ಲೋಕವು ನಮಗೂ ಇಲ್ಲವಾಗುತ್ತದೆ.

ಕಾನೂನು ಶಾಲೆಯ ಬಾಗಿಲನ್ನು ತೆರೆಯಬಲ್ಲುದು. ಒಳಗೆ ಬಂದ ಮಗುವಿಗೆ ಪಕ್ಕದಲ್ಲಿ ಜಾಗ ಕೊಡಬೇಕಾದವರು ಸಹಪಾಠಿಗಳು. ನಿಮ್ಮ ತರಗತಿಯಲ್ಲಿಯೋ ನೆರೆಮನೆಯಲ್ಲಿಯೋ ಇಂಥ ಮಗುವಿರಬಹುದು. ಅದು ಉತ್ತರಿಸದಿದ್ದರೆ ಸೊಕ್ಕೆಂದು ಬಗೆಯಬೇಡಿ. ಅದರ ನಡೆನುಡಿಯನ್ನು ಅಣಕಿಸಬೇಡಿ, ಅಣಕಿಸುವವರನ್ನು ತಡೆಯಿರಿ. ಗದ್ದಲವಿಲ್ಲದ ಒಂದು ಮೂಲೆಯನ್ನು ಅದಕ್ಕೆ ಬಿಟ್ಟುಕೊಡಿ. ನೋಟ್‌ಪುಸ್ತಕದ ಉಳಿದ ಹಾಳೆಗಳನ್ನು ಕೊಡಿ. ಅದು ಬರೆದುದನ್ನು ಕಸದ ಬುಟ್ಟಿಗೆ ಹಾಕದೆ ದಿನಾಂಕ ಬರೆದು ಇಟ್ಟುಕೊಳ್ಳಿ. ಅದರ ತಾಯಿಗೂ ಗುರುಗಳಿಗೂ ತೋರಿಸಿ.

ಅಕ್ಷರ ಕಲಿಯಲು ನಮಗೆ ವರ್ಷಗಳೇ ಬೇಕಾದವು. ಒಬ್ಬ ಗುರುವು ತಾಳ್ಮೆಯಿಂದ ನಮ್ಮ ವಕ್ರವಾದ 'ಅ' ಕಾರವನ್ನು 'ಅ' ಎಂದೇ ಓದಿದುದರಿಂದ ನಾವು ಬರೆಯುವವರಾದೆವು. ಅಂಥದೇ ತಾಳ್ಮೆಯನ್ನು ಈ ಮಕ್ಕಳೂ ನಮ್ಮಿಂದ ನಿರೀಕ್ಷಿಸುತ್ತಾರೆ. ಬರೆಯುವ ಕೆಲಸವನ್ನು ಅವರು ಮಾಡುತ್ತಲೇ ಇದ್ದಾರೆ. ಓದುವ ಕೆಲಸ ನಮ್ಮದು.